ಅತ್ತೆ ಜೂನಿಯರ್ ಪರೀಕ್ಷೆಗೆ ಕೂತದ್ದು

ನನಗೆ ಸಂಗೀತ ಬೇಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಪ್ಪು ತಿಳಿಯಬಾರದು. ಹನ್ನೆರಡು ವರ್ಷದ ಹುಡುಗಿಗೆ ಸಂಜೆ ಹೊತ್ತು ಕುಂಟೆಬಿಲ್ಲೆ ಬೇಕು, ಹುಣಸೆಕಾಯಿ ಬೇಕು, ಹಿಂದಿನ ಬೀದಿಯವರ ಜೊತೆ ಒಂದಿಷ್ಟು ಜಗಳ ಬೇಕು. ಆದರೆ ಅರಕಲಗೂಡಿನ ಪೇಟೆ ಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನಮ್ಮ ಅಪ್ಪಯ್ಯನ ಕಿವಿಗೆ ಒಂದು ಸುದ್ದಿ ಬಿತ್ತು. ಹಾಸನದ ನೆಂಟರ ಹುಡುಗಿಯೊಬ್ಬಳು, ಹೆಣ್ಣು ನೋಡಲು ಬಂದವರ ಮುಂದೆ ಹಾಡಿ ಒಳ್ಳೆಯ ಸಂಬಂಧ ಗಿಟ್ಟಿಸಿಕೊಂಡಳಂತೆ. ತಗೋ, ಮುಂದಿನ ವಾರವೇ ರುದ್ರಪಟ್ಟಣದಿಂದ ಮೇಷ್ಟ್ರೊಬ್ಬರು ಸೈಕಲ್ಲಿನ ಹಿಂದೆ ಶ್ರುತಿಪೆಟ್ಟಿಗೆ ಕಟ್ಟಿಕೊಂಡು ನಮ್ಮ ಪಡಸಾಲೆಗೆ ಬಂದು ಕೂತರು. ಆ ಊರಲ್ಲಿ ಕೂಸು ಅತ್ತರೂ ಶ್ರುತಿ ಸೇರಿಸಿಕೊಂಡೇ ಅಳುತ್ತದೆ ಎಂದು ನಮ್ಮವ್ವ ತಮಾಷೆ ಮಾಡುತ್ತಿದ್ದಳು. ನಾನು ಮಾತ್ರ ಶ್ರುತಿಯ ಹಂಗಿಲ್ಲದೆ ಅಳುತ್ತಿದ್ದೆ.

ಪಾಠವಾಗುವಾಗ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ನಮ್ಮತ್ತೆ ಕೂತಿರುತ್ತಿದ್ದಳು. ಅತ್ತೆ ಎಂದರೆ ಅಪ್ಪಯ್ಯನ ತಂಗಿ. ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಗೆ ಕೊಟ್ಟಿದ್ದರಂತೆ; ಮದುವೆಯಾದ ವರ್ಷದೊಳಗೇ ಗಂಡ ಜ್ವರ ಬಂದು ತೀರಿಕೊಂಡ, ಗಂಡನ ಮನೆಯವರು ಇವಳನ್ನು ತವರಿಗೆ ಬಿಟ್ಟುಹೋದರು. ನನಗೆ ಬುದ್ಧಿ ತಿಳಿಯುವ ಹೊತ್ತಿಗಾಗಲೇ ಅತ್ತೆ ನಮ್ಮ ಅಡುಗೆಮನೆಯವಳಾಗಿದ್ದಳು. ಯಾರೂ ಅವಳನ್ನು ಬೈದವರಲ್ಲ, ಹೊಡೆದವರಲ್ಲ. ಆದರೆ ಬೆಳಗಿನಿಂದ ದೀಪ ಹಚ್ಚುವವರೆಗೆ ಅವಳ ಕೈ ಖಾಲಿಯಿದ್ದದ್ದನ್ನು ನಾನು ಕಂಡಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಬತ್ತಿ ಹೊಸೆಯುವುದು. ಅವರೆಕಾಯಿ ಕಾಲ ಬಂತೆಂದರಂತೂ ನೆನೆಸಿದ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಒಂದೊಂದೇ ಕಾಳನ್ನು ಹಿಚುಕಿ ಸಿಪ್ಪೆ ಬಿಡಿಸುವುದು. ಆ ಹಿತಕವರೆ ಸಾರಿನ ರುಚಿ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ, ಆ ಮಾತು ಬೇರೆ.

ಒಂದು ದಿನ ಮೇಷ್ಟ್ರು ಹಿಂದಿನ ಪಾಠ ಒಪ್ಪಿಸು ಎಂದರು. ನಾನು ಅಭ್ಯಾಸ ಮಾಡಿದ್ದರೆ ತಾನೆ ಒಪ್ಪಿಸುವುದು! ಹೊರಗೆ ಗೆಳತಿಯರು ಕೂಗುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನೇ ಯಾಕೆ ಕೇಳುತ್ತೀರಿ, ಒಳಗೆ ನಮ್ಮತ್ತೆಗೆ ಎಲ್ಲ ಬರುತ್ತದೆ, ಅವಳನ್ನೇ ಕೇಳಿ ಎಂದುಬಿಟ್ಟೆ. ಅತ್ತೆ ನನ್ನ ಪಾಠವನ್ನು ಸಣ್ಣ ದನಿಯಲ್ಲಿ ಗುನುಗುವುದನ್ನು ನಾನು ದಿನಾ ಕೇಳುತ್ತಿದ್ದೆನಲ್ಲ. ಮೇಷ್ಟ್ರು ನಗಲಿಲ್ಲ. ಹಾಗಾದರೆ ಹೇಳಮ್ಮ, ಕೇಳೋಣ ಎಂದರು. ಒಳಗೆ ಪಾತ್ರೆಯೊಂದನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ಆಮೇಲೆ ಬಾಗಿಲ ಮರೆಯಿಂದಲೇ ಅತ್ತೆ ಹಾಡಿದಳು. ದೊಡ್ಡ ಸಿರಿಕಂಠವೇನಲ್ಲ, ಹದವಾದ, ಬೆಚ್ಚಗಿನ ದನಿ, ಇಟ್ಟಲ್ಲಿ ಕೂರುವ ದನಿ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ನಾನು ಅದೇ ಸಮಯ ಎಂದು ಬೀದಿಗೆ ಓಡಿದೆ.

ಅಂದಿನಿಂದ ಪಾಠ ಇಬ್ಬರಿಗಾಯಿತು. ಕೆಲವು ತಿಂಗಳು ಕಳೆದ ಮೇಲೆ ಮೇಷ್ಟ್ರು ಅಪ್ಪಯ್ಯನ ಬಳಿ ಒಂದು ವಿಷಯ ಎತ್ತಿದರು. ಸರ್ಕಾರದ ಸಂಗೀತ ಪರೀಕ್ಷೆ ಹಾಸನದಲ್ಲಿ ನಡೆಯುತ್ತದೆ. ಜೂನಿಯರ್ ಪಾಸಾದವರನ್ನು ಹೆಣ್ಣುಮಕ್ಕಳ ಸ್ಕೂಲಿಗೆ ಸಂಗೀತ ಹೇಳಿಕೊಡಲು ತೆಗೆದುಕೊಳ್ಳುತ್ತಾರೆ. ಹೊಳೆನರಸೀಪುರದ ಸ್ಕೂಲಿನಲ್ಲಿ ಆ ಜಾಗ ಖಾಲಿಯಿದೆ. ನಿಮ್ಮ ತಂಗಿಯನ್ನು ಕೂರಿಸಿ ಎಂದರು. ಅಪ್ಪಯ್ಯ ಕೆಟ್ಟವನಲ್ಲ, ಆದರೆ ಬೀದಿಯ ಬಾಯಿಗೆ ಹೆದರುವವನು. ಗಂಡ ಸತ್ತವಳು ಊರೂರಿಗೆ ಹಾಡಲು ಹೋದಳು ಅಂದುಕೊಂಡಾರು ಎಂದು ರಾಗ ಎಳೆದ. ಕೊನೆಗೆ ಒಂದು ದಾರಿ ಹುಡುಕಿದ: ಪರೀಕ್ಷೆಗೆ ಕೂರುವವಳು ನಾನು, ಜೊತೆಗೆ ಹೋಗುವವಳು ಅತ್ತೆ, ಹೋದಮೇಲೆ ಅವಳೂ ಕೂತರೆ ಕೂತಳು. ಹೀಗೆ, ಯಾರಿಗೋ ಬೇಕಾದ ಪರೀಕ್ಷೆಗೆ ನನ್ನ ತಲೆ ಸಿಕ್ಕಿಕೊಂಡಿತು. ಮೇಷ್ಟ್ರು ಎರಡು ಅರ್ಜಿ ತಂದು ಅಲ್ಲೇ ತುಂಬಿದರು, ಅಪ್ಪಯ್ಯ ಎರಡಕ್ಕೂ ಹಳೆಯ ಲೆಕ್ಕಪತ್ರದ ಮೋಡಿ ಅಕ್ಷರದ ಹಾಗೆ ಸೊಟ್ಟಂಬಟ್ಟ ರುಜು ಎಳೆದ.

ಆ ಸಂಜೆ ನಾನು ಅಡುಗೆಮನೆಗೆ ನುಗ್ಗಿ, ನಿನ್ನಿಂದ ನನ್ನ ಆಟವೆಲ್ಲ ಹಾಳಾಯಿತು ಎಂದು ಅತ್ತೆಯ ಮೇಲೆ ರೇಗಿದೆ. ಅವಳು ಒಲೆ ಊದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ನಂಗೆ ಆ ಕೆಲ್ಸ ಬೇಕು ಕಣ್ ಮಗ," ಎಂದಳು. "ಅಣ್ಣಯ್ಯ ಚೆನ್ನಾಗೇ ನೋಡ್ಕಂಡವ್ನೆ, ಇಲ್ಲ ಅನ್ನಾಕಿಲ್ಲ. ಆದ್ರೂ ನಂದೇ ಒಂದು ಒಲೆ ಅಂತ ಹಚ್ಚಿ, ನಂಗೆ ಬೇಕಾದ್ದ ಬೇಯಿಸ್ಕಂಡು ಉಣ್ಬೇಕು ಅಂತ ಆಸೆ. ಈ ಪರೀಕ್ಷೆ ಬುಟ್ರೆ ಇನ್ಯಾವ ದಾರಿನೂ ಇಲ್ಲ ನಂಗೆ."

ಅವಳು ಅಷ್ಟು ಉದ್ದ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ. ಸುಮ್ಮನೆ ಅವಳ ಪಕ್ಕದಲ್ಲಿ ಕೂತು ಒಲೆಗೆ ಸೌದೆ ಚಾಚಿದೆ.

ಈಗ ತೊಡಕು ಬೇರೆ ಕಡೆಯಿಂದ ಬಂತು. ಪರೀಕ್ಷೆಯಲ್ಲಿ ಹಾಡಿದರೆ ಸಾಲದು, ತೊಡೆಯ ಮೇಲೆ ಅಂಗೈಯಿಂದ ತಟ್ಟಿ, ಬೆರಳು ಎಣಿಸಿ, ಕೈ ತಿರುಗಿಸಿ ತಾಳ ತೋರಿಸಬೇಕು. ಅತ್ತೆ ಸಂಗೀತ ಕಲಿತದ್ದೆಲ್ಲ ಕಾಳು ಹಿಚುಕುತ್ತಾ, ಬತ್ತಿ ಹೊಸೆಯುತ್ತಾ. ಅವಳ ತಾಳವೆಲ್ಲ ಬೆರಳ ತುದಿಯಲ್ಲಿ ಕೂತುಬಿಟ್ಟಿತ್ತು. ಕಾಳಿನ ಪಾತ್ರೆ ಮುಂದಿದ್ದರೆ ಒಂದು ಕಾಳೂ ಹಿಂದುಮುಂದಾಗದ ಹಾಗೆ ಹಾಡುವಳು; ಪಾತ್ರೆ ಎತ್ತಿಟ್ಟು ತಟ್ಟು ಎಂದರೆ ಕೈ ಒಂದು ಕಡೆ, ಹಾಡು ಒಂದು ಕಡೆ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ಇಷ್ಟು ವರ್ಷದಲ್ಲಿ ಎಂಥೆಂಥವರಿಗೋ ಹೇಳಿಕೊಟ್ಟಿದ್ದೇನೆ, ಅವರೆಕಾಳಿನ ಶಿಷ್ಯೆ ಇದೇ ಮೊದಲು ಎಂದರು.

ಆಮೇಲೆ ಅವಳನ್ನು ಸಾಧನೆಗೆ ಕೂರಿಸುವ ಕೆಲಸ ನನಗೆ ಬಂತು. ಎದುರಿಗೆ ಕೂತು ನಾನು ತಟ್ಟಬೇಕು, ನೋಡಿಕೊಂಡು ಅವಳು ತಟ್ಟಬೇಕು. ನಾನೋ ಮಹಾ ಸಿಟ್ಟಿನವಳು. ತಪ್ಪಿದಾಗಲೆಲ್ಲ ಅವಳ ಕೈ ಹಿಡಿದು ತೊಡೆಗೆ ಬಡಿಯುತ್ತಿದ್ದೆ. ಅವಳು ನಗುತ್ತಿದ್ದಳು. ಆ ತಿಂಗಳುಗಳು ಎಷ್ಟು ಚೆನ್ನಾಗಿದ್ದವು ಎಂದರೆ, ಕುಂಟೆಬಿಲ್ಲೆ ಮರೆತೇಹೋಯಿತು. ಗುರುವಿನ ಗತ್ತು ಬಂದುಬಿಟ್ಟಿತ್ತಲ್ಲ ನನಗೆ! ನಿಧಾನ ಕಾಲದಲ್ಲಿ ಅತ್ತೆಯ ಅಂಗೈ ದಾರಿಗೆ ಬಂತು. ಮಧ್ಯಮ ಕಾಲದಲ್ಲಿ ಒಮ್ಮೆ ಬರುವುದು, ಒಮ್ಮೆ ಕೈಕೊಡುವುದು.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಹಾಸನದ ದಾರಿಯಲ್ಲಿ ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ಮಗಳು ಮತ್ತು ತಂಗಿಯನ್ನು ಪರೀಕ್ಷೆಗೆ ಕರೆದುಕೊಂಡು ಹೊರಟಿದ್ದ ಅಪ್ಪಯ್ಯ, ಇಸ್ತ್ರಿ ಮಾಡಿದ ಕೋಟು ತೊಟ್ಟವನು, ಹಾಸನ ಸೇರುವ ಹೊತ್ತಿಗೆ ಇದ್ದಿಲು ಮಾರುವವನ ಹಾಗೆ ಕಾಣುತ್ತಿದ್ದ. ಅತ್ತೆ ದಾರಿಯುದ್ದಕ್ಕೂ ಸೆರಗಿನ ಮರೆಯಲ್ಲಿ ತೊಡೆ ತಟ್ಟಿಕೊಳ್ಳುತ್ತಿದ್ದಳು.

ಪರೀಕ್ಷೆ ಒಂದು ಸ್ಕೂಲಿನ ಕೋಣೆಯಲ್ಲಿ. ಮೇಜಿನ ಹಿಂದೆ ಇಬ್ಬರು ಪರೀಕ್ಷಕರು, ಮುಂದೆ ಜಮಖಾನ. ನನಗಿಂತ ಮೊದಲು ಹಾಸನದ ಹುಡುಗಿಯೊಬ್ಬಳು ಎತ್ತರದ ಶ್ರುತಿಯಲ್ಲಿ ಚಂದವಾಗಿ ಹಾಡಿದಳು. ಅದನ್ನು ಕಂಡು ನನಗೇನು ರೋಗ ಬಂತೋ, ನನಗೂ ಅದೇ ಶ್ರುತಿ ಸಾಕು ಎಂದೆ. ಮೇಲಿನ ಷಡ್ಜಕ್ಕೆ ಹೋಗುವಷ್ಟರಲ್ಲಿ ಗಂಟಲು ಕೀರಲಾಯಿತು. ಕಿರಿಯ ಪರೀಕ್ಷಕರು ತುಟಿ ಕಚ್ಚಿ ನಗು ತಡೆದುಕೊಂಡರು. ಆ ಮನುಷ್ಯನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮುಂದಿನದು ಅತ್ತೆ. ನಾನು ಬಾಗಿಲ ಬಳಿ ನಿಂತೆ. ಅವಳು ಹಣೆಯ ವಿಭೂತಿ ಬೆವರಿಗೆ ಕರಗಿದ್ದರೂ ನೆಟ್ಟಗೆ ಕೂತಿದ್ದಳು. ಹಿರಿಯ ಪರೀಕ್ಷಕರು ಆದಿತಾಳದ ಅಲಂಕಾರ ಕೇಳಿ, ತಾಳ ಹಾಕಿ ಹಾಡಿ ಎಂದರು. ಅತ್ತೆ ಅಂಗೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಹೆಬ್ಬೆರಳೂ ತೋರುಬೆರಳೂ ಇಲ್ಲದ ಕಾಳನ್ನು ಹಿಚುಕತೊಡಗಿದವು. ತಡೆಯಲಾರದೆ ನಾನೇ ಬಾಗಿಲಲ್ಲಿ ನಿಂತು ತೊಡೆ ತಟ್ಟತೊಡಗಿದೆ; ಕಿರಿಯ ಪರೀಕ್ಷಕರು ಬೆರಳೆತ್ತಿ ಗದರಿದರು. ಅತ್ತೆ ನನ್ನ ಕಡೆ ತಿರುಗಲಿಲ್ಲ. ಕೈ ಇಳಿಸಿ ಹಿರಿಯರನ್ನು ನೋಡಿದಳು.

"ಸ್ವಾಮಿ, ನಾನು ಅಡುಗೆಮನೆಲಿ ಕಾಳು ಹಿಚುಕ್ತಾ ಕಲ್ತೋಳು. ಒಂದ್ ಸುತ್ತು ತಾಳ ಬೆರಳಲ್ಲೇ ಆಕ್ಕತ್ತೀನಿ, ಆಮ್ಯಾಕೆ ತೊಡೆ ಮ್ಯಾಲೆ ತೋರುಸ್ತೀನಿ. ಆಗ್ಬೌದಾ?"

ಹೊರಗಿನವರ ಮುಂದೆ, ಅದರಲ್ಲೂ ಮೇಜಿನ ಹಿಂದೆ ಕೂತ ಗಂಡಸರ ಮುಂದೆ, ಅತ್ತೆ ತನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳಿದಳು. ಹಿರಿಯರು ಮೀಸೆಯಲ್ಲೇ ನಕ್ಕರು. "ಹೇಗಾದ್ರೂ ಶುರು ಮಾಡಿಯಮ್ಮ. ಲಯ ಕೆಡಬಾರದು, ಅಷ್ಟೇ," ಎಂದರು.

ಅತ್ತೆ ಒಂದು ಸುತ್ತು ಬೆರಳಲ್ಲೇ ಹಾಕಿಕೊಂಡಳು. ಎರಡನೆಯ ಸುತ್ತಿಗೆ ಅಂಗೈ ತೊಡೆಗಿಳಿಯಿತು. ಆಮೇಲೆ ಕಾಲ ಏರಿದ ಹಾಗೆಲ್ಲ ಕೈಯೂ ಜೊತೆಗೇ ಏರಿತು. ಹಿರಿಯರು ಬರೆಯುವುದನ್ನು ಬಿಟ್ಟು ಮೇಜಿನ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ನನಗೆ ಅಳು ಬಂತು. ಸಂತೋಷಕ್ಕೆ ಅಳುವುದು ಎಂದರೆ ಏನೆಂದು ನನಗೆ ತಿಳಿದದ್ದು ಆವತ್ತು.

ಫಲಿತಾಂಶ ಮೇಷ್ಟ್ರ ಮನೆಗೆ ಬಂತು, ಅವರೇ ಸೈಕಲ್ ತುಳಿದುಕೊಂಡು ನಮ್ಮನೆಗೆ ತಂದರು. ಒಬ್ಬರು ಪಾಸು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅಷ್ಟರಲ್ಲಿ ಮೇಷ್ಟ್ರ ಕಾಲಿಗೆ ಬೀಳಲು ಎದ್ದೂ ಆಗಿತ್ತು! ಅದು ನಾನಲ್ಲ ಎಂದು ತಿಳಿದಮೇಲೆ ನಡುವೆ ನಿಂತ ನಾನು ಎಲ್ಲಿಗೆ ಹೋಗಲಿ? ನೆಟ್ಟಗೆ ಅಟ್ಟ ಹತ್ತಿ ಕೂತೆ.

ಅಟ್ಟದಿಂದಲೇ ಕೆಳಗಿನ ಮಾತು ಕೇಳಿಸುತ್ತಿತ್ತು. ಪಾಸಾಯಿತಲ್ಲ, ಸಂತೋಷ, ಇಷ್ಟಕ್ಕೇ ಸಾಕು ಎಂದು ಅಪ್ಪಯ್ಯ ಹೇಳುತ್ತಿದ್ದ. ಒಬ್ಬಂಟಿ ಹೆಂಗಸು ಹೊಳೆನರಸೀಪುರದಲ್ಲಿ ಹೇಗಿರುತ್ತಾಳೆ, ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದ. ಹಾಸನದಲ್ಲಿ ಬಾಯಿಬಿಟ್ಟವಳು ಅಣ್ಣನ ಎದುರು ಬಾಯಿ ತೆರೆಯಲಿಲ್ಲ. ಆಗ ಮಾತಾಡಿದವಳು ನಮ್ಮವ್ವ. ಅತ್ತೆ ಹೋದರೆ ಎಲ್ಲ ಕೆಲಸ ತಲೆಯ ಮೇಲೆ ಬೀಳುವುದು ಅವಳಿಗೇ.

"ಅಡುಗೆ ನಾನ್ ಮಾಡ್ತೀನಿ. ನನ್ನ ಕೈಯೇನ್ ಸವ್ದೋಗಾಕಿಲ್ಲ. ಅವ್ಳು ಓಗ್ಲಿ ಬುಡಿ."

ಅವ್ವ ಅಷ್ಟು ಹೇಳಿ ಒಳಗೆ ಹೋದಳು. ಅಪ್ಪಯ್ಯ ಅವಳಿಗೆ ಎದುರು ಹೇಳಿದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಮೇಷ್ಟ್ರು ಹೇಳಿದ್ದ ಆ ಕೆಲಸ ಅತ್ತೆಗೆ ಸಿಕ್ಕಿತು. ಸ್ಕೂಲು ಶುರುವಾಗುವ ಮುನ್ನ ಅವನೇ ಟ್ರಂಕು ಹೊತ್ತುಕೊಂಡು ಹೋಗಿ, ಹೊಳೆನರಸೀಪುರದಲ್ಲಿ ನಮ್ಮವರೊಬ್ಬರ ಮನೆಯ ಹೊರಗಿನ ಕೋಣೆ ಹಿಡಿದು, ತಂಗಿಯನ್ನು ಬಿಟ್ಟುಬಂದ. ಅತ್ತೆಯಿಲ್ಲದ ಮನೆ ನನಗೆ ಬಣಗುಟ್ಟಿತು. ಅವ್ವನ ಸಾರು, ಶಿವನೇ ಬಲ್ಲ.

ದಸರಾ ರಜೆಗೆ ಅತ್ತೆ ಬಂದಳು. ಪಡಸಾಲೆಯಲ್ಲಿ ಅಪ್ಪಯ್ಯನ ಜೊತೆ ಪೇಟೆಯ ನಾಲ್ಕೈದು ಅಂಗಡಿಯವರು ಎಲೆಅಡಿಕೆ ಹಾಕುತ್ತಾ ಕೂತಿದ್ದರು. ಅಪ್ಪಯ್ಯ ತಂಗಿಯನ್ನು ಒಳಗೆ ಹೋಗಗೊಡಲಿಲ್ಲ. ನಮ್ಮ ತಂಗಿ, ನರಸೀಪುರದ ಸ್ಕೂಲಿನಲ್ಲಿ ಮೇಡಮ್ಮು ಎಂದು ಎಲ್ಲರಿಗೂ ತೋರಿಸಿದ. ಬೀದಿಯ ಬಾಯಿಗೆ ಹೆದರುತ್ತಿದ್ದವನು ಈಗ ಬೀದಿಯನ್ನೇ ಮನೆಗೆ ಕರೆದು ಕೂರಿಸಿದ್ದ. ಇವರೆಲ್ಲ ಕೇಳಲಿ, ಒಂದು ಹಾಡು ಹೇಳವ್ವ ಎಂದ.

"ಇವತ್ತು ಬ್ಯಾಡ ಅಣ್ಣಯ್ಯ," ಎಂದಳು ಅತ್ತೆ. "ಮಕ್ಳಿಗೆ ಏಳ್ಕೊಟ್ಟೂ ಕೊಟ್ಟೂ ಗಂಟ್ಲು ಸೋತೈತೆ."

ಎಲೆ ಮಡಿಸುತ್ತಿದ್ದವರ ಕೈ ನಿಂತಿತು. ಬಾಗಿಲಲ್ಲಿ ಅವ್ವ ನಿಂತಳು. ಆ ಮನೆಯಲ್ಲಿ ಅತ್ತೆಯ ಬಾಯಿಂದ ಬೇಡ ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ನಾನು ಅಪ್ಪಯ್ಯನ ಮುಖವನ್ನೇ ನೋಡಿದೆ. ಅವನು ಬಾಯೊಳಗಿನ ಎಲೆಯನ್ನು ಒಂದು ಕಡೆಗೆ ಒತ್ತರಿಸಿಕೊಂಡ.

"ಸೋತಿದ್ರೆ ಬ್ಯಾಡ ಬುಡು," ಎಂದು, ತಾನು ಒರಗಿದ್ದ ಲೋಡುದಿಂಬನ್ನು ಬೆನ್ನ ಹಿಂದಿನಿಂದ ತೆಗೆದು ಅವಳ ಕಡೆ ತಳ್ಳಿದ. ಅತ್ತೆ ಅದಕ್ಕೆ ಒರಗಿ ಕೂತಳು.