ಬಾಳೆಎಲೆಯ ಬೆಂಕಿಗೆ ಕಾದ ಡೋಲು

ಉಗಾಂಡದ ಆ ಹಳ್ಳಿಯಲ್ಲಿ ಮೊದಲ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಅಪ್ಪನ ತಮಟೆ. ಅರೆನಿದ್ದೆಯಲ್ಲಿ ಹಾಗೇ ಅನ್ನಿಸಿತು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಸೊಳ್ಳೆಪರದೆಯೊಳಗೆ ಬಿದ್ದುಕೊಂಡಿದ್ದ ನನಗೆ ಇದು ಮಂಡ್ಯದ ಕಡೆಯ ನಮ್ಮ ಕೇರಿಯೋ, ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿರುವ ಬಾಡಿಗೆ ಮನೆಯೋ ಎಂದು ಗೊತ್ತಾಗಲಿಲ್ಲ. ಹೊರಗೆ ಬಂದರೆ ಮಂಜು. ಬಾಳೆತೋಟಗಳ ಆಚೆ, ಎಲ್ಲೋ ಇಳಿಜಾರಿನಲ್ಲಿ, ಯಾರೋ ಡೋಲು ಬಾರಿಸುತ್ತಿದ್ದರು. ಸದ್ದು ನೆಲದೊಳಗಿಂದ ಬಂದು ಅಂಗಾಲಿಗೆ ಮುಟ್ಟುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಫೋರ್ಟ್ ಮಿಲ್ ಪಕ್ಕದ ಷಾರ್ಲೆಟ್ ಊರಿನ ಕಣ್ಣಿನ ಡಾಕ್ಟರಮ್ಮ ಒಬ್ಬರು ಉಗಾಂಡದ ಆ ಹಳ್ಳಿಯಲ್ಲಿ ಹತ್ತು ದಿನದ ಕ್ಯಾಂಪು ಹಾಕಿದ್ದರು. ಷಾರ್ಲೆಟ್, ಅಟ್ಲಾಂಟಾ ಕಡೆಯಿಂದ ಎಂಟು ಜನ ಹೊರಟೆವು. ಅವರೆಲ್ಲ ಓದಿದವರು. ನಾನು ಬೆಂಚು, ಮಂಚ ಜೋಡಿಸಿಕೊಡಲು ಹೋದವನು. ಮೈಸೂರಿನಲ್ಲಿ ಕುಶನ್ ಕೆಲಸ ಕಲಿತು, ಗಲ್ಫಿನಲ್ಲಿ ಆರು ವರ್ಷ ದುಡಿದು, ಅಲ್ಲಿಂದ ಕೆರೊಲಿನಾದ ಒಂದು ಫರ್ನಿಚರ್ ಶಾಪಿಗೆ ಬಂದಿದ್ದೆ. ಸೋಫಾಕ್ಕೆ ಚರ್ಮ ಎಳೆದು ಹೊದಿಸುವುದರಲ್ಲಿ ನನ್ನನ್ನು ಮೀರಿಸುವವರು ಆ ಶಾಪಿನಲ್ಲಿ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದೇ ಹಾಗೆ.

ಡಾಕ್ಟರಮ್ಮ ಧಾರವಾಡದವರು. ಹಬ್ಬ ಹುಣ್ಣಿಮೆಗೆ ಕರೆದು ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಿದ್ದರು. ಮೊದಲ ಸಲ ಹೋದಾಗ ನಿಮ್ಮ ಮನೆತನದ ಕೆಲಸ ಏನು ಎಂದು ಕೇಳಿದ್ದರು. ಮರದ ಕೆಲಸ ಅಂದುಬಿಟ್ಟೆ. ಆ ಒಂದು ಸುಳ್ಳಿನ ಮೇಲೆ ಐದು ವರ್ಷ ಅವರ ಮನೆಯಲ್ಲಿ ಹೋಳಿಗೆ ತಿಂದಿದ್ದೆ. ನಿಜ ಹೇಳಿದರೆ ಆ ಎಲೆಯ ಮುಂದೆ ನನ್ನ ಜಾಗ ಉಳಿಯುತ್ತದೋ ಇಲ್ಲವೋ ಎಂಬ ಅಳುಕು ಪ್ರತಿ ಹಬ್ಬಕ್ಕೂ ಇರುತ್ತಿತ್ತು.

ನಿಜ ಏನೆಂದರೆ ಅಪ್ಪ ತಮಟೆ ಬಾರಿಸುತ್ತಿದ್ದ. ಊರವರ ಮದುವೆಗೂ ಸಾವಿಗೂ ಮುಂದೆ ನಡೆಯುತ್ತಿದ್ದ, ಊಟದ ಹೊತ್ತಿಗೆ ಹೊರಗೆ ನಿಲ್ಲುತ್ತಿದ್ದ. ಚಿಕ್ಕಂದಿನಲ್ಲಿ ನಾನೂ ಅವನ ಜೊತೆ ಹೋಗಿ ಬಾರಿಸುವುದು, ಕಾಯಿಸುವುದು ಎಲ್ಲ ಕಲಿತಿದ್ದೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಮೆರವಣಿಗೆಗೆ ಮೇಷ್ಟ್ರು ಉಳಿದ ಮಕ್ಕಳ ಕೈಗೆಲ್ಲ ಬಾವುಟ ಕೊಟ್ಟು, ನನಗೆ ಮಾತ್ರ ನಿಮ್ಮಪ್ಪನ ತಮಟೆ ತಗೊಂಡು ಬಾ ಅಂದರು. ಮನೆಯಿಂದ ಎತ್ತಿಕೊಂಡು ಬಂದೆ. ಶಾಲೆಯ ಬಾಗಿಲಲ್ಲಿ ಇಟ್ಟೆ. ತಿರುಗಿ ನಡೆದವನು ಮತ್ತೆ ಶಾಲೆಗೂ ಹೋಗಲಿಲ್ಲ, ತಮಟೆಯನ್ನೂ ಮುಟ್ಟಲಿಲ್ಲ.

ಕ್ಯಾಂಪಿಗೆ ರಜವಿದ್ದ ದಿನ ನಮ್ಮನ್ನು ಡೋಲು ಮಾಡುವ ಮುದುಕನ ಅಂಗಳಕ್ಕೆ ಕರೆದುಕೊಂಡು ಹೋದರು. ಕೆಂಪು ಮಣ್ಣು, ಬಿಸಿಲಿಗೆ ಗೂಟ ಹೊಡೆದು ಹರಡಿದ ದನದ ಚರ್ಮ. ಮೂಗಿಗೆ ತಾಗಿದ್ದು ನಮ್ಮ ಕೇರಿಯ ವಾಸನೆ. ಮುದುಕ ಮರದ ಕುರ್ಚಿಯಲ್ಲಿ ಕೂತಿದ್ದ. ನಮ್ಮ ಜೊತೆ ಬಂದಿದ್ದ ಅಲ್ಲಿಯ ನರ್ಸು ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲೇ ಮಣ್ಣಿಗೆ ಮಂಡಿಯೂರಿ ಅವನಿಗೆ ನಮಸ್ಕಾರ ಹೇಳಿದಳು. ಅವರ ರಾಜನ ಮನೆಯ ಡೋಲುಗಳನ್ನು ಇವನ ಅಜ್ಜ ಕಾಯುತ್ತಿದ್ದನಂತೆ. ಚರ್ಮ ಕೊಯ್ಯುವವನು, ಡೋಲು ಬಡಿಯುವವನು, ಕುರ್ಚಿಯಲ್ಲಿ. ಎಲ್ಲರೂ ಫೋಟೊ ತೆಗೆಯುತ್ತಿದ್ದರು. ನಾನು ಕುರ್ಚಿಯನ್ನೇ ನೋಡುತ್ತಿದ್ದೆ.

ಅವನ ಮನೆಯವರು ಬಾರಿಸಿ ತೋರಿಸಿದರು. ಮೂರು ಡೋಲು ಒಂದರ ಮಾತನ್ನು ಇನ್ನೊಂದು ಎತ್ತಿಕೊಂಡು ಹೋಗುತ್ತಿದ್ದವು. ಕಣ್ಣು ಮುಚ್ಚಿದರೆ ಹಳದಿ ಬಿಸಿಲು, ನಮ್ಮ ಕೇರಿಯ ಹುಣಸೆಮರ, ಅಪ್ಪನ ಬೆನ್ನು. ನಡುವೆ ಚಿಕ್ಕ ಡೋಲೊಂದರ ದನಿ ಮಂಕಾಯಿತು. ಬೆಳಗಿನ ಮಂಜಿಗೆ ಚರ್ಮ ಸಡಿಲವಾಗಿತ್ತು. ಮುದುಕ ಏಳಲು ಹೊರಟ, ಮಂಡಿ ನೋವಿಗೆ ಮತ್ತೆ ಕೂತ. ಅಷ್ಟರಲ್ಲಿ ನಾನು ಅಂಗಳದ ಮೂಲೆಯಲ್ಲಿದ್ದ ಒಣ ಬಾಳೆಎಲೆ ಗುಡ್ಡೆ ಮಾಡಿ ಕಡ್ಡಿ ಗೀರಿದ್ದೆ. ಡೋಲನ್ನು ವಾರೆಯಾಗಿ ಹಿಡಿದು ಉರಿಯ ಮೇಲೆ ತಿರುಗಿಸಿದೆ. ತೀರ ಹತ್ತಿರ ಹಿಡಿದರೆ ಚರ್ಮ ಬಿರಿಯುತ್ತದೆ, ದೂರ ಹಿಡಿದರೆ ಹದ ಬರುವುದಿಲ್ಲ. ಬೆರಳಿಂದ ತಟ್ಟಿದೆ, ಕಿವಿಗೊಟ್ಟೆ, ಇನ್ನಷ್ಟು ತಿರುಗಿಸಿದೆ. ಮೂರನೇ ಸಲ ತಟ್ಟಿದಾಗ ಡೋಲು ಖಣ್ ಎಂದು ದನಿ ಬಿಟ್ಟಿತು.

ತಲೆ ಎತ್ತಿದರೆ ಡಾಕ್ಟರಮ್ಮ ಪಕ್ಕದಲ್ಲೇ ನಿಂತಿದ್ದಾರೆ.

"ಇದನ್ನ ಎಲ್ಲಿ ಕಲ್ತ್ರಿ?"

ಶಾಪಿನಲ್ಲಿ ಕಲಿತೆ ಅನ್ನಬಹುದಿತ್ತು. ನಂಬುತ್ತಿದ್ದರು. ಮುದುಕ ಕುರ್ಚಿಯಿಂದ ನನ್ನ ಕೈಗಳನ್ನೇ ನೋಡುತ್ತಿದ್ದ.

"ನಮ್ಮಪ್ಪನ ಹತ್ರ, ಡಾಕ್ಟ್ರಮ್ಮ. ತಮಟೆ ಬಾರ್ಸೋದು ನಮ್ಮ ಮನೆತನದ ಕೆಲ್ಸ."

"ಅಂದ್ರ ಮರದ ಕೆಲಸ ಅಂದದ್ದು ಸುಳ್ಳೇನು?"

"ಅರ್ಧ ಸುಳ್ಳು. ತಮಟೆ ಸುತ್ತಿನ ಬಳೆ ಮರದ್ದೇ."

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಐದು ವರ್ಷ ಉಂಡ ಮನೆಯಲ್ಲಿ ಸುಳ್ಳು ಹೇಳಿದಿರಲ್ಲ ಎಂದಷ್ಟೇ ಮೆಲ್ಲಗೆ ಹೇಳಿ ಗುಂಪಿನ ಕಡೆ ಹೋದರು. ಮುದುಕ ನರ್ಸಿಗೆ ಏನೋ ಅಂದ. ಬಾರಿಸುವ ಕೋಲು ಎರಡೂ ನನ್ನ ಕೈಗೆ ಬಂದವು, ಕೂರಲು ಒಂದು ಕುರ್ಚಿಯೂ ಬಂತು. ಅಭ್ಯಾಸಬಲದಿಂದ ಮೊದಲು ಅದರ ಸೀಟು ಒತ್ತಿ ನೋಡಿದೆ, ಹೆಣಿಗೆ ಸಡಿಲವಾಗಿತ್ತು. ಆಮೇಲೆ ಕೂತೆ. ಅಪ್ಪ ಮದುವೆಗೆ ಬಾರಿಸುತ್ತಿದ್ದ ತಾಳದ ಗತ್ತು ಕೈಗೆ ತಾನಾಗಿ ಬಂತು. ಎಷ್ಟು ಹೊತ್ತು ಬಾರಿಸಿದೆನೋ ಗೊತ್ತಿಲ್ಲ. ಕೂತು ಬಾರಿಸುವುದು ಅಪ್ಪನಿಗೆ ಗೊತ್ತೇ ಇರಲಿಲ್ಲ.

ವಾಪಸು ಬಂದ ಮೇಲೆ ಎರಡು ತಿಂಗಳು ಡಾಕ್ಟರಮ್ಮನ ಮನೆಯಿಂದ ಫೋನ್ ಬರಲಿಲ್ಲ. ಆಸೆ ಬಿಟ್ಟಿದ್ದೆ. ದೀಪಾವಳಿಗೆ ಬಂತು, ಹೋದೆ. ಬಡಿಸುವಾಗ ಹೊಸದಾಗಿ ಬಂದಿದ್ದ ಸಾಫ್ಟ್‌ವೇರಿನವರೊಬ್ಬರು, ಅಂಕಲ್, ಊರಲ್ಲಿ ನಿಮ್ಮ ಫಾದರ್ ಏನ್ ಮಾಡ್ತಿದ್ರು ಎಂದು ಕೇಳಿದರು. ಡಾಕ್ಟರಮ್ಮನ ಕೈಯಲ್ಲಿದ್ದ ಸೌಟು ನನ್ನ ಎಲೆಯ ಮೇಲೆ ನಿಂತಿತು.

"ತಮಟೆ ಬಾರಿಸ್ತಿದ್ರು," ಅಂದೆ.

ಡಾಕ್ಟರಮ್ಮ ತುಪ್ಪ ಬಡಿಸಿ, "ಇವರೂ ಬಾರಿಸ್ತಾರ. ನಾ ಕೇಳೇನಿ," ಅಂದು ಮುಂದಿನ ಎಲೆಗೆ ಹೋದರು.

ಆ ಪಂಕ್ತಿಯಲ್ಲಿದ್ದ ಎರಡು ಮನೆಯವರು ಆಮೇಲೆ ನನ್ನನ್ನು ಕರೆಯಲಿಲ್ಲ. ಅವರು ಕೂರುವ ಸೋಫಾ ನಾನು ಹೊದಿಸಿದ್ದೇ. ಚೆನ್ನಾಗಿ ಬಾಳಿಕೆ ಬಂದಿದೆ ಎಂದು ಕೇಳಿದ್ದೇನೆ.