ಇಬ್ಬರು ಸುಶೀಲೆಯರು ಮತ್ತು ನನ್ನ ಹೆಸರು

ನನ್ನ ಹೆಸರು ನನ್ನ ಹೆಂಡತಿಗೆ ಗೊತ್ತಿದೆಯೋ ಇಲ್ಲವೋ ಎಂಬ ಅನುಮಾನ ಮದುವೆಯಾಗಿ ಬಹಳ ಕಾಲ ನನ್ನನ್ನು ಕಾಡಿತ್ತು. ಲಲಿತಾಳಿಗೆ ನಾನು ‘ರೀ’, ಅಕ್ಕಪಕ್ಕದವರೆದುರು ‘ನಮ್ಮನೆಯವರು’. ಮೈಸೂರಿನಿಂದ ಬೊಂಬಾಯಿಯ ವಿಕ್ರೋಳಿಯ ಕ್ವಾರ್ಟರ್ಸಿಗೆ ಅವಳ ಟ್ರಂಕಿನಲ್ಲಿ ಬಂದ ಹಳೆಯ ಕಾದಂಬರಿಯೊಂದು ಇದಕ್ಕೆ ಕಾರಣವಿರಬೇಕು. ಅದರ ನಾಯಕಿ ಸುಶೀಲೆ, ಗಂಡ ಪ್ರವಾಹದಲ್ಲಿ ಕಾಣೆಯಾದಾಗಲೂ ಹುಡುಕುವವರಿಗೆ ಅವನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾದೀತೆಂಬ ಭಯ. ಆ ಪುಟಗಳಲ್ಲಿ ಲಲಿತಾಳ ಕಣ್ಣೀರಿನ ಕಲೆಗಳಿವೆ. ಅವಳು ಅವನ್ನು ಸಾರಿನ ಕಲೆ ಎನ್ನುತ್ತಾಳೆ.

ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಧಾರವಾಡದ ಗೆಳೆಯ ಕುಲಕರ್ಣಿ ಈ ಸುಶೀಲೆಯನ್ನು ಬೊಂಬಾಯಿಗೆ ಕರೆತಂದು ಅಣಕು ನಾಟಕ ಬರೆದ. ಇವಳ ಗಂಡ ಕಳೆದುಹೋಗುವುದು ದಾದರ್ ಸ್ಟೇಷನ್ನಿನಲ್ಲಿ. ಸ್ಟೇಷನ್ನಿನವರು ಹೆಸರು ಕೇಳಿದರೆ “ನಮ್ಮನೆಯವರು” ಅನ್ನುತ್ತಾಳೆ. “ಮಿಸ್ಟರ್ ನಮ್ಮನೆಯವರು ಆಫೀಸಿಗೆ ಬರಬೇಕು” ಎಂದು ಮೈಕಿನಲ್ಲಿ ಕೂಗಿದ್ದೇ ತಡ, ಪ್ಲಾಟ್‌ಫಾರ್ಮಿನ ಕನ್ನಡದ ಗಂಡಂದಿರೆಲ್ಲ ಬಂದು ಸಾಲುಗಟ್ಟುತ್ತಾರೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಲಲಿತಾ ನಗಲಿಲ್ಲ.

“ಬರೇ ಚಾಷ್ಟಿಗೆ ಬರದದ್ದರೀ ವೈನಿ,” ಎಂದ ಕುಲಕರ್ಣಿ.

“ಅವಳು ಹೆದರಿ ಸಾಯ್ತಿದ್ದಾಳೆ, ನಿಮಗೆಲ್ಲ ನಗು ಹೇಗೆ ಬರತ್ತೆ?”

ನಾನು ಅಣಕು ಸುಶೀಲೆಯ ಪಕ್ಷ ವಹಿಸಿ ದೊಡ್ಡ ವಿಮರ್ಶಕನಂತೆ ಮಾತಾಡಿದೆ. ನದಿ ದಂಡೆಯಲ್ಲಿ ಬಾಯಿ ಮುಚ್ಚಿದರೆ ಪತಿವ್ರತೆ, ದಾದರಿನಲ್ಲಿ ಮುಚ್ಚಿದರೆ ಪೆದ್ದಿ. ಹೆಂಗಸು ಒಬ್ಬಳೇ, ಬದಲಾದದ್ದು ಜಾಗ ಮಾತ್ರ ಎಂದೆ. ಆ ರಾತ್ರಿ ನನಗೆ ಸಾರಿನಲ್ಲಿ ಉಪ್ಪು ಸಿಗಲಿಲ್ಲ.

ಮರುವರ್ಷ ವಿಲೆ ಪಾರ್ಲೆಯಲ್ಲಿ ಒಂದು ಮದುವೆ ಊಟ ಮುಗಿಸಿ ಬರುವಾಗ ದಾದರಿನಲ್ಲಿ ಗಾಡಿ ಬದಲಿಸಬೇಕಿತ್ತು. ಲಲಿತಾ ಲೇಡೀಸ್ ಡಬ್ಬಿ ಹತ್ತಿದಳು. ನಾನು ನೂಕುನುಗ್ಗಲಿನಲ್ಲಿ ತಲೆಸುತ್ತಿ ಪ್ಲಾಟ್‌ಫಾರ್ಮಿನಲ್ಲೇ ಬಿದ್ದೆ. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದೆ. ವಿಕ್ರೋಳಿಯಲ್ಲಿ ಇಳಿದು ನನ್ನನ್ನು ಕಾಣದೆ ಅವಳು ದಾದರಿಗೆ ಹಿಂತಿರುಗಿ, ಸ್ಟೇಷನ್ನಿನವರನ್ನು ವಿಚಾರಿಸಿಕೊಂಡು ಅಲ್ಲಿಗೆ ಬಂದದ್ದು ಆಮೇಲೆ ತಿಳಿಯಿತು. ಎಚ್ಚರವಾದೊಡನೆ ಕೇಳಿಸಿದ್ದು, ಬಾಗಿಲಾಚೆ ಗುಮಾಸ್ತನೊಬ್ಬ ಮರಾಠಿಯಲ್ಲಿ ಪೇಶಂಟಿನ ಹೆಸರು ಕೇಳುತ್ತಿದ್ದುದು.

“ಪುಟ್ಟಸ್ವಾಮಿ,” ಎಂದಳು ಲಲಿತಾ.

“ಪುತುಸಾಮಿ?”

“ಪುತು ನಹೀ, ಪುಟ್ಟ! ಪುಟ್ಟಸ್ವಾಮಿ!”

ಅವನು ತಪ್ಪಿದಷ್ಟೂ ಇವಳ ದನಿ ಏರುತ್ತಿತ್ತು. ಕೊನೆಗೆ ಇಡೀ ವಾರ್ಡಿಗೆ ನನ್ನ ಹೆಸರು ಬಾಯಿಪಾಠವಾಯಿತು. ಆಯುಷ್ಯದ ಆ ನಂಬಿಕೆ ನಿಜವಾಗಿದ್ದರೆ ನಾನು ಅಲ್ಲೇ ಮುಗಿದುಹೋಗಬೇಕಿತ್ತು. ನನಗೋ, ಬದುಕಿಕೊಂಡೆ ಅನ್ನಿಸಿ ಕಣ್ಣು ತುಂಬಿತು.

ಲಲಿತಾ ಆ ಇಬ್ಬರಲ್ಲಿ ಯಾವ ಸುಶೀಲೆ ಎಂದು ನನ್ನ ವಿಮರ್ಶೆಗೆ ಇನ್ನೂ ಹೊಳೆದಿಲ್ಲ. ಮನೆಗೆ ಬಂದ ಮೇಲೆ, ಕಾಫಿ ತಂದುಕೊಟ್ಟವಳಿಗೆ, “ಇನ್ನೊಂದು ಸಲ ನನ್ನ ಹೆಸರು ಹೇಳು,” ಎಂದೆ.

“ಯಾಕ್ರೀ,” ಎಂದಳು, “ಈಗೇನು ಕಳೆದುಹೋಗಿದ್ದೀರಾ?”