ಬಾವಿಗೆ ಹಾಕಿದ ಮದ್ದು

ತೊಂಬತ್ತರ ದಶಕದಲ್ಲಿ, ಹೆಡತಲೆ ಎಂಬ ಹಳ್ಳಿಗೆ ಕನ್ನಡ ಟೀಚರಾಗಿ ಹೋದ ಹೊಸತರಲ್ಲಿ, ನಾನು ಮೂರು ದಿನ ಜ್ವರದಲ್ಲಿ ಮಲಗಿದ್ದೆ. ಬಾಡಿಗೆ ಕೋಣೆಯ ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲಿನಲ್ಲಿ ದೂಳು ಮೀನಿನ ಹಾಗೆ ಈಜುತ್ತಿತ್ತು. ಮನೆಯೊಡತಿ ಬಾಗಿಲಲ್ಲಿ ನಿಂತು, “ಹಿಂದ್ಲ ಬಾವಿಗೆ ಮದ್ದು ಆಕ್ತಾವ್ರೆ, ಅತ್ಲಾಗೆ ಓಗ್ಬ್ಯಾಡಿ ಕಣ್ರವ್ವ” ಎಂದರು. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ ಎಂದುಕೊಂಡೆ. ಎಂ.ಎ. ಕನ್ನಡ ಓದಿದವಳಲ್ಲವೇ! ಕಣ್ಣು ಮುಚ್ಚಿದರೆ ಬಾವಿಯೂ ನನ್ನಂತೆಯೇ ಕಂಬಳಿ ಹೊದ್ದು ಮಲಗಿತ್ತು. ಯಾರೋ ಅದರ ಬಾಯಿಗೆ, ಕೂಸಿಗೆ ಕುಡಿಸುವ ಹಾಗೆ, ಒಳಲೆಯಲ್ಲಿ ಔಷಧಿ ಹುಯ್ಯುತ್ತಿದ್ದರು.

ಆಗ ಢಮ್ ಎಂದಿತು. ಗೋಡೆ ನಡುಗಿ, ಹೆಂಚಿನ ಮಣ್ಣು ಮುಖಕ್ಕೆ ಉದುರಿತು. ಬತ್ತಿದ ಬಾವಿಯ ತಳದ ಬಂಡೆಯನ್ನು ಸಿಡಿಸಿದ್ದರು.

ಸ್ವಲ್ಪ ಹೊತ್ತಿಗೆ ಆಕೆ ಮೆಣಸಿನ ಕಷಾಯ ಹಿಡಿದು ಬಂದರು. “ತಕ್ಕಳಿ, ಮದ್ದು.”

“ಸಿಡಿಯೋದೂ ಮದ್ದು, ಕುಡಿಯೋದೂ ಮದ್ದಾ?” ನಾನು ರೇಗಿದೆ.

“ಎಲ್ಡೂ ಅರೆದು ಕಲ್ಸಿದ್ ಪುಡೀನೇ ಅಲ್ವ್ರಾ? ಕಟ್ಕೊಂಡಿದ್ದನ್ನ ಬಿಡ್ಸೋದೇ ಅದರ್ ಕೆಲ್ಸ.”

ಆ ಸಂಜೆ ಮಂಪರಿನಲ್ಲೇ ನಿಘಂಟು ತೆರೆದೆ. ಹಳಗನ್ನಡದ ‘ಮರ್ದು’ ಎಂದರೆ ಔಷಧಿ. ಅದೇ ಮದ್ದಾಗಿ, ಕೋವಿ ಬಂದ ಮೇಲೆ ಸಿಡಿಯುವ ಪುಡಿಗೂ ಹೆಸರಾಯಿತು. ಯಾಕೆ ಎಂದು ಮಾತ್ರ ಅಲ್ಲಿ ಬರೆದಿರಲಿಲ್ಲ.

ಬೆಳಿಗ್ಗೆ ಆಕೆ ಬಾವಿಯಿಂದ ಕೆಂಪಗೆ ಕಲಕಿದ ನೀರಿನ ಕೊಡ ತಂದಿಳಿಸಿ, ಒದ್ದೆ ಕೈಯನ್ನು ಜ್ವರ ಬಿಟ್ಟು ಬೆವರಿದ್ದ ನನ್ನ ಹಣೆಯ ಮೇಲಿಟ್ಟರು.

“ಮದ್ದು ಕೆಲ್ಸ ಮಾಡ್ತು” ಎಂದರು.

ಯಾವ ಮದ್ದು ಎಂದು ನಾನು ಕೇಳಲಿಲ್ಲ.